ಗುಡುಗನ ಊರು

ಎಲ್ಲ ಶುರುವಾದದ್ದು ಒಂದು ಟಾರ್ಚಿನಿಂದ.

ಅವತ್ತು ಬೆಳಗ್ಗೆ ಕಟ್ಟಡದಲ್ಲಿ ಕರೆಂಟು ಹೋಗಿತ್ತು. ಮೆಟ್ಟಿಲ ಕೆಳಗಿನ ಫ್ಯೂಸ್ ಡಬ್ಬಿ ಆಗಾಗ ಹೀಗೆ ಕೈಕೊಡುವುದು ರೂಢಿ. ಆಗ ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಂತು "ಯಾರಾದ್ರೂ ನೋಡಬಾರದಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ರೂಢಿ. ಆ ಯಾರಾದರೂ ಎಂಬುವವನು ಯಾವಾಗಲೂ ನಂಬರಣ್ಣನೇ. ಅವನು ಟಾರ್ಚು ಹಿಡಿದು ಇಳಿದುಬಂದು, ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಬಗ್ಗಿ ನೋಡುತ್ತಿದ್ದ. ಹಾಲು ತರಲು ಇಳಿದ ಮೇಲಿನ ಮಹಡಿಯ ಟ್ಯೂಷನ್ ಮೇಡಂ ಅವನನ್ನೂ ಟಾರ್ಚನ್ನೂ ನೋಡಿ ಅಲ್ಲೇ ನಿಂತರು. ಅವರ ಮುಖ ಮೃದುವಾಯಿತು.

"ಹೆದರ್ಕೋಬೇಡಿ" ಎಂದರು, ಹಸುಗೂಸನ್ನು ಸಮಾಧಾನ ಮಾಡುವ ದನಿಯಲ್ಲಿ. "ಅದು ನಕ್ಷತ್ರ ಅಲ್ಲ. ಬರೀ ಟಾರ್ಚು. ಒಳಗಡೆ ಸೆಲ್ ಇರತ್ತೆ."

"ಗೊತ್ತು ಮೇಡಂ. ನಾನೇ ಹಾಕಿದ್ದು."

"ಹೌದಾ! ಎಷ್ಟು ಬೇಗ ಕಲೀತೀರಪ್ಪ ನೀವುಗಳು!"

ನಂಬರಣ್ಣನಿಗೆ ಮೈಯೆಲ್ಲ ಉರಿಯಿತು. ಆದರೂ ಫ್ಯೂಸ್ ಹಾಕಿಕೊಟ್ಟ. ದೀಪ ಹತ್ತಿತು. ಮೇಡಂ ಚಪ್ಪಾಳೆ ತಟ್ಟಿದರು, ಫ್ಯೂಸಿಗಲ್ಲ, ಅವನಿಗೆ.

ನಂಬರಣ್ಣನ ವಿಷಯ ಒಂದಿಷ್ಟು ಹೇಳಬೇಕು. ಮೂಲೆ ತಿರುಗಿದರೆ ಅವನದೊಂದು ಕನ್ನಡಕದ ಅಂಗಡಿ. ಯಾರ ಹೆಸರೂ ಅವನಿಗೆ ನೆನಪಿರುವುದಿಲ್ಲ, ಎಲ್ಲರ ಕಣ್ಣಿನ ನಂಬರೂ ನೆನಪಿರುತ್ತದೆ. ಹಾಗಾಗಿ ಹೆತ್ತವರು ಇಟ್ಟ ಹೆಸರು ಮರೆತುಹೋಗಿ ಇಡೀ ಬೀದಿಗೆ ಅವನು ನಂಬರಣ್ಣ. ಗಿಡ್ಡ ಆಳು, ಸಪೂರ ಮೈ, ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ. ನಾಯಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಸ್ವಭಾವ. ಅವನು ಹುಟ್ಟಿದ್ದು ಬೆಟ್ಟದ ಮೇಲಿನ ಊರಲ್ಲಿ. ಅಪ್ಪ ಪೋಸ್ಟಾಫೀಸಿನಲ್ಲಿದ್ದರು, ಅಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಆ ಊರಲ್ಲಿ ಬ್ಯಾಂಕಿದೆ, ಹಲ್ಲಿನ ಡಾಕ್ಟರಿದ್ದಾರೆ, ಗಾಡಿ ನಿಲ್ಲಿಸುವ ಜಾಗಕ್ಕಾಗಿ ಇಲ್ಲಿಯಂತೆಯೇ ಜಗಳಗಳಾಗುತ್ತವೆ.

ಆದರೆ ಇದನ್ನೆಲ್ಲ ಯಾರು ಕೇಳುತ್ತಾರೆ? ಸಂಜೆ ಪತ್ರಿಕೆಯಲ್ಲಿ ದಿನಾ ಒಂದು ಪ್ರೇಮ ಧಾರಾವಾಹಿ ಬರುತ್ತಿತ್ತು, 'ಗುಡುಗನ ತೋಳಲ್ಲಿ ಗುಲಾಬಿ' ಎಂದು. ಬೆಟ್ಟದವರು ಹೇಗಿರುತ್ತಾರೆ ಎಂಬುದು ಬೀದಿಯವರಿಗೆಲ್ಲ ಅದರಿಂದಲೇ ಗೊತ್ತು. ನಗರದ ಶ್ರೀಮಂತ ಹುಡುಗಿ ಗುಲಾಬಿಯ ಕಾರು ಬೆಟ್ಟದ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಪೊದೆಯಿಂದ ಗುಡುಗ ಎಂಬವನು ಬರುತ್ತಾನೆ, ಅಂಗಿ ಇಲ್ಲದೆ. ಬೆಟ್ಟದ ಚಳಿಯಲ್ಲಿ ಅಂಗಿ ಇಲ್ಲದೆ ತಿರುಗಿದರೆ ನ್ಯುಮೋನಿಯಾ ಬರುತ್ತದೆ ಎಂಬುದು ಬರೆದವರಿಗೆ ಗೊತ್ತಿಲ್ಲ. ಗುಡುಗ ಒಂದು ಸಲಕ್ಕೆ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಗಾಳಿ ಮೂಸಿ ಮಳೆ ಹೇಳುತ್ತಾನೆ. ಕನ್ನಡಿ ಕಂಡರೆ ಕೈಮುಗಿಯುತ್ತಾನೆ. ಹಿಂದಿನ ಸಂಜೆಯ ಕಂತಿನಲ್ಲಿ ಗುಲಾಬಿ ಟಾರ್ಚು ಹೊತ್ತಿಸಿದಾಗ ಮಂಡಿಯೂರಿ "ನಕ್ಷತ್ರ! ಡಬ್ಬಿಯಲ್ಲಿ!" ಎಂದು ಅತ್ತಿದ್ದ. ಪ್ರತಿ ಕಂತಿನಲ್ಲೂ ಅವನ ಎದೆಯ ವರ್ಣನೆ ಇರುತ್ತದೆ. ಅವನಿಗೊಂದು ತಲೆ ಇದೆ ಎಂಬ ಸುಳಿವು ಮಾತ್ರ ಇಷ್ಟು ದಿನದಲ್ಲಿ ಎಲ್ಲೂ ಸಿಕ್ಕಿಲ್ಲ.

ಇದನ್ನು ಓದಿ ಜನ ಬೆಟ್ಟದವರನ್ನು ಬೈಯುತ್ತಿದ್ದರೆ ನಂಬರಣ್ಣ ತಿರುಗಿ ಬೈಯಬಹುದಿತ್ತು. ಅವರು ಬೈಯುತ್ತಿರಲಿಲ್ಲ, ಮುದ್ದು ಮಾಡುತ್ತಿದ್ದರು. ಅದೇ ಸಹಿಸಲಾಗದ್ದು.

ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಕಟ್ಟಡದ ಸಂಘದ ಸೆಕ್ರೆಟರಿ ಅಡ್ಡ ಬಂದರು. ತಾರಸಿಯ ಬಿರುಕಿಗೆ ಅವತ್ತು ಸಿಮೆಂಟು ಹಾಕಿಸುವುದಿತ್ತು.

"ನಂಬರಣ್ಣ, ಒಂದ್ನಿಮಿಷ ಬನ್ನಿ. ಸ್ವಲ್ಪ ಗಾಳಿ ಮೂಸಿ."

"ಏನು ಮೂಸೋದು?"

"ಗಾಳಿ. ಇವತ್ತು ಮಳೆ ಬರತ್ತಾ ಇಲ್ವಾ ಹೇಳ್ಬಿಡಿ. ನಿಮ್ಮ ಕಡೆಯವರಿಗೆ ಅದು ರಕ್ತದಲ್ಲೇ ಬಂದಿರತ್ತಂತಲ್ಲ."

"ರೇಡಿಯೋ ಕೇಳಿ ಸಾರ್, ಹೇಳ್ತಾರೆ."

"ಅಯ್ಯೋ, ರೇಡಿಯೋದವರು ಓದಿ ಹೇಳೋದು. ನಿಮ್ಮದು ಹಾಗಲ್ಲ."

ಪೀಡೆ ತೊಲಗಿದರೆ ಸಾಕೆಂದು ನಂಬರಣ್ಣ ಕಿಟಕಿಯತ್ತ ಮೂಗು ಎತ್ತಿ, ಸುಮ್ಮನೆ ಒಮ್ಮೆ ಉಸಿರೆಳೆದು, "ಬರಲ್ಲ" ಎಂದ. ಸೆಕ್ರೆಟರಿ ಪುಳಕಗೊಂಡು ಗಾರೆಯವರಿಗೆ ಫೋನು ಮಾಡಲು ಓಡಿದರು.

ಮನೆಯೊಳಗೆ ಅತ್ತೆ ಫೋನಿನಲ್ಲಿ ತಮ್ಮನ ಜೊತೆ ಮಾತಾಡುತ್ತಿದ್ದರು. ಅತ್ತೆ ಫೋನಿನಲ್ಲಿ ಮಾತಾಡಿದರೆ ಆಚೆಯವರಿಗೆ ಫೋನು ಬೇಕಾಗುವುದಿಲ್ಲ. ಅವರು ಕಡಲ ಕಡೆಯವರು. ಮಗಳು ಬೆಟ್ಟದವನನ್ನು ಮದುವೆಯಾಗುತ್ತೇನೆ ಎಂದಾಗ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಈಗ ಜೊತೆಯಲ್ಲೇ ಇದ್ದಾರೆ, ಅಳಿಯನಿಗೆ ಬಹುವಚನ ಕೊಟ್ಟು ದೂರ ಇಟ್ಟಿದ್ದಾರೆ. ಅಂಥವರು ಈಚೆಗೆ ಮನಸ್ಸು ಕರಗಿ, ಬಸ್ ಡಿಪೋದ ಮ್ಯಾನೇಜರ್ ಆಗಿರುವ ತಮ್ಮನಿಗೆ ಒಂದು ಮಾತು ಹಾಕಿದ್ದರು. ಡಿಪೋದ ಡ್ರೈವರುಗಳಿಗೆಲ್ಲ ಪ್ರತಿವರ್ಷ ಕಣ್ಣು ಪರೀಕ್ಷೆ ಆಗಬೇಕು. ಆ ಕೆಲಸ ಸಿಕ್ಕಿದರೆ ನಂಬರಣ್ಣನ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಇಲ್ಲ. ರಸ್ತೆಯ ಆ ತುದಿಯಲ್ಲಿ ಹವಾನಿಯಂತ್ರಿತ ಕನ್ನಡಕದ ಮಳಿಗೆ ತೆರೆದಾಗಿನಿಂದ ಅವನ ಬೆಂಚಿನ ಮೇಲೆ ಗಿರಾಕಿಗಳಿಗಿಂತ ಧೂಳೇ ಹೆಚ್ಚು ಕೂತಿತ್ತು.

"ಇವತ್ತು ಸಂಜೆ ಮಾವ ಬರ್ತಾರಂತೆ, ಮಾತು ಮುಗಿಸೋಕೆ" ಎಂದಳು ಹೆಂಡತಿ. "ಚಪ್ಪಲಿ ಒಳಗಿಡಿ. ಹೋದ ಸಲ ನಿಮ್ಮದೇ ಹಾಕ್ಕೊಂಡು ಹೋಗಿದ್ರು."

"ಅದಕ್ಕೆ ಹೋದ ಸಲ, ಈ ಸಲ ಅಂತ ಏನೂ ಇಲ್ಲ. ಮದುವೆ ದಿನದಿಂದ ಅವರದು ಅದೇ ಪದ್ಧತಿ."

"ಮೆಲ್ಲಗೆ ಮಾತಾಡ್ರೀ, ಅಮ್ಮಂಗೆ ಕೇಳತ್ತೆ."

"ಈ ಕೂಗಾಟದಲ್ಲಿ ಏನು ಕೇಳತ್ತೆ?" ಎಂದು ಗೊಣಗಿ ನಂಬರಣ್ಣ ಅಂಗಡಿಗೆ ಹೊರಟ.

ಅಂಗಡಿ ತೆರೆದು ಕೌಂಟರು ಒರೆಸುವಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಓದುವ ಕನ್ನಡಕ ಬೇಕು ಎಂದರು. ನಂಬರಣ್ಣನಿಗೆ ಜೀವ ಬಂದಂತಾಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸಿ ಹಾಕುವ ಚೌಕಟ್ಟು ಹಿಡಿದುಬಂದು, ಎದುರಿನ ಅಕ್ಷರದ ಬೋರ್ಡಿಗೆ ದೀಪ ಹಾಕಿದ.

"ಅದೆಲ್ಲ ಬೇಡ" ಎಂದರು ಆಕೆ.

"ಮತ್ತೆ?"

"ನೀವೇ ನನ್ನ ಕಣ್ಣೊಳಗೆ ನೋಡಿ ಹೇಳಿ. ಗುಡುಗ ಗುಲಾಬಿ ಕಣ್ಣಲ್ಲಿ ಒಂದು ಸಲ ನೋಡಿ, ಅವಳು ಚಿಕ್ಕೋಳಿದ್ದಾಗ ಅಮ್ಮನ್ನ ಕಳ್ಕೊಂಡಿದ್ದು ಹೇಳ್ಬಿಟ್ಟ. ನನ್ನದು ಬರೀ ನಂಬರ್ ತಾನೇ?"

"ಅಮ್ಮಾ, ಬೋರ್ಡು ಓದದೆ ನಂಬರ್ ಹೇಳೋಕಾಗಲ್ಲ."

ಆಕೆಯ ಮುಖ ಬಾಡಿತು. "ಮೆಷಿನ್ನು, ಬೋರ್ಡು ಎಲ್ಲ ಆ ದೊಡ್ಡ ಮಳಿಗೇಲೂ ಇದೆ. ಬೆಟ್ಟದವರು ಅಂತ ಇಲ್ಲಿಗೆ ಬಂದೆ" ಎಂದು ಎದ್ದು ಹೋದರು.

ಅವರ ಹಿಂದೆಯೇ ಬಂದ ಮುದುಕರೊಬ್ಬರು ಫ್ರೇಮಿಗೆ ಸ್ಕ್ರೂ ಹಾಕಿಸಿಕೊಳ್ಳುತ್ತ ನಂಬರಣ್ಣನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು.

"ನಿಮ್ಮವರಿಗೆ ದೂರದ ಮೊಲ ಕಾಣತ್ತಂತೆ. ನಿಮಗ್ಯಾಕೆ ಸೋಡಾಬುಡ್ಡಿ?"

ನಂಬರಣ್ಣ ಸ್ಕ್ರೂವನ್ನು ಬೇಕಿದ್ದಕ್ಕಿಂತ ಹೆಚ್ಚು ಬಿಗಿದ. ಫ್ರೇಮು ಲಟಕ್ಕೆಂದಿತು. ಹೊಸ ಫ್ರೇಮು ಪುಕ್ಕಟೆ ಕೊಡಬೇಕಾಯಿತು.

ಆಗಲೇ ಡಿಪೋ ಮಾವನ ಫೋನು ಬಂದದ್ದು.

"ನೋಡಪ್ಪಾ, ಒಂದು ತೊಂದರೆ ಆಗಿದೆ. ನಮ್ಮ ಡ್ರೈವರುಗಳು ಆ ಸಂಜೆ ಪತ್ರಿಕೆ ಓದ್ತಾರೆ. ಶೆಡ್ಡಲ್ಲಿ ಒಬ್ಬ ಜೋರಾಗಿ ಓದೋದು, ಉಳಿದೋರು ಬಿದ್ದು ಬಿದ್ದು ನಗೋದು. ಕಣ್ಣು ನೋಡೋನು ಬೆಟ್ಟದವನು ಅಂತ ಅವರಿಗೆ ಹೇಗೋ ಗೊತ್ತಾಗಿದೆ. 'ನಮ್ಮ ಕಣ್ಣಿಗೆ ಟಾರ್ಚು ಬಿಡೋಕೆ ಮುಂಚೆ ಅವನು ಅದಕ್ಕೆ ಅಡ್ಡ ಬೀಳ್ತಾನಾ' ಅಂತ ಕೇಳ್ತಾ ಇದಾರೆ."

"ಮಾವ, ಅದು ಕತೆ!"

"ನಂಗೊತ್ತು, ನಿಂಗೊತ್ತು. ಅವರು ನಗ್ತಾ ಇದ್ರೆ ನಾನು ನಿಂಗೆ ಕೆಲಸ ಕೊಡೋದು ಹೇಗೆ? ಸಂಜೆ ಬರ್ತೀನಿ. ಅಷ್ಟರೊಳಗೆ ಇದಕ್ಕೊಂದು ದಾರಿ ಮಾಡು."

ನಂಬರಣ್ಣನ ಪಿತ್ತ ನೆತ್ತಿಗೇರಿತು. ಅಂಗಡಿಯ ಶಟರು ಎಳೆದ. ಕಟ್ಟಡದ ಫ್ಯೂಸಿಗೆ ಇಷ್ಟು ವರ್ಷ ಕೈಹಾಕಿದ್ದು, ಹೆಂಡತಿಯ ಕಡೆಯವರ ಮುಂದೆ ಇಷ್ಟು ವರ್ಷ ತಲೆ ತಗ್ಗಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಅಮ್ಮನೂ ನೆನಪಾದಳು. ಆಕೆಯಿಂದ ಯಾರೋ ಸಂಜೆ ಪತ್ರಿಕೆಯವನು ಕನ್ನಡಿಗೆ ಕೈಮುಗಿಸುತ್ತಿದ್ದಾನೆ ಅನ್ನಿಸಿತು. ಅವನು ನೆಟ್ಟಗೆ ಪತ್ರಿಕೆಯ ಕಚೇರಿಗೆ ನಡೆದ. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂತು. ಅವನು ರಸ್ತೆ ದಾಟಲಿಲ್ಲ. ನಾಯಿಯೇ ದಾಟಿತು.

ಅರ್ಧ ದಾರಿಯಲ್ಲಿ ಮಳೆ ಸುರಿಯಿತು.

ಕಚೇರಿಗೆ ತಲುಪಿದಾಗ ಅವನ ಕನ್ನಡಕದ ಮೇಲೆ ನೀರು, ಚಪ್ಪಲಿಯೊಳಗೆ ನೀರು. ಕೆಳಗಿನ ಕೋಣೆಯಲ್ಲಿ ಶಾಯಿಯ ವಾಸನೆ, ಗೋಡೆಯುದ್ದಕ್ಕೂ ಹಳೆಯ ಪತ್ರಿಕೆಯ ಕಟ್ಟುಗಳು. ದೊಡ್ಡ ಮೇಜಿನ ಹಿಂದೆ ಸಂಪಾದಕರು. ಮೂಲೆಯ ಸಣ್ಣ ಮೇಜಿನ ಹಿಂದೆ ದಪ್ಪಗೆ, ಬೆಳ್ಳಗೆ, ಬಿಸ್ಕತ್ತು ತಿನ್ನುತ್ತ ಕೂತ ಒಬ್ಬ ಸಾಧು ಮುಖದ ಮನುಷ್ಯ.

"ಗುಡುಗನ್ನ ಬರೆಯೋರು ಯಾರ್ರೀ?" ಎಂದು ನಂಬರಣ್ಣ ಗುಡುಗಿದ.

ದಪ್ಪ ಮನುಷ್ಯ ಮೆಲ್ಲಗೆ ಕೈಯೆತ್ತಿದ. "ನಾನು."

"ನಾನು ಬೆಟ್ಟದವನು!"

ಲೇಖಕರ ಕಣ್ಣಲ್ಲಿ ನೀರು ತುಂಬಿತು. ಎದ್ದು ಬಂದು ನಂಬರಣ್ಣನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. "ಇಷ್ಟು ದಿನಕ್ಕೆ ಒಬ್ಬರು ಬಂದ್ರಿ! ಮಳೇಲೇ ನಡ್ಕೊಂಡು ಬಂದಿದೀರಿ ನೋಡಿ. ಪ್ರಕೃತಿಯ ಮಕ್ಕಳು!"

"ಛತ್ರಿ ಮರೆತು ಬಂದೆ ಕಣ್ರೀ! ನೀವು ಬೆಟ್ಟ ನೋಡಿದೀರಾ?"

"ಕ್ಯಾಲೆಂಡರಲ್ಲಿ ನೋಡಿದೀನಿ. ನಂಗೆ ಎತ್ತರ ಕಂಡ್ರೆ ತಲೆ ಸುತ್ತತ್ತೆ. ಅದಕ್ಕೇ ನನ್ನ ಮೇಜು ಕೆಳಗಡೆ. ಆದ್ರೆ ನಿಮ್ಮವರು ಅಂದ್ರೆ ನಂಗೆ ಪ್ರಾಣ. ಒಂದು ಕೆಟ್ಟ ಮಾತು ಬರೆದಿದೀನಾ ಹೇಳಿ? ಎಲ್ಲ ಹೊಗಳಿಕೇನೇ."

ಹೊಗಳಿಕೆಯಂತೆ! ಈ ಒಂದು ಮಾತಿಗೆ ಕೇಳುವವರ ಮೈ ಹತ್ತಿ ಉರಿಯಬೇಕು. ನಂಬರಣ್ಣನ ಮೈ ಒದ್ದೆಯಾಗಿದ್ದರೂ ಉರಿಯಿತು.

"ಏನು ಹೊಗಳಿದೀರಿ? ನಿಮ್ಮ ಗುಡುಗ ಒಂದು ದಿನವಾದ್ರೂ ಲೈಟ್ ಬಿಲ್ ಕಟ್ಟಿದಾನಾ? ಅವನಿಗೆ ಒಂದು ಹಲ್ಲುನೋವು ಬಂದಿದೆಯಾ? ಒಂದು ಪುಸ್ತಕ ಓದಿದಾನಾ? ಚಮಚ ಹಿಡಿಯೋದು ಗುಲಾಬಿ ಹೇಳಿಕೊಡ್ತಾಳೆ, ಬಾಗಿಲು ತಟ್ಟೋದು ಗುಲಾಬಿ ಹೇಳಿಕೊಡ್ತಾಳೆ, ನಗೋದೂ ಗುಲಾಬೀನೇ ಹೇಳಿಕೊಡ್ತಾಳೆ. ಅವನು ಅವಳಿಗೆ ಏನು ಹೇಳಿಕೊಟ್ಟ?"

"ಪ್ರೀತಿ" ಎಂದರು ಲೇಖಕರು, ಭಾವುಕರಾಗಿ.

"ಅದನ್ನ ನಾಯೀನೂ ಹೇಳಿಕೊಡತ್ತೆ! ನೀವು ಬರೀತಿರೋದು ಮನುಷ್ಯನ್ನಲ್ಲ, ಸಾಕುಪ್ರಾಣೀನ. ಬೆನ್ನು ತಟ್ಟೋಕೆ ಒಂದು ಜನಾಂಗ ಬೇಕು ನಿಮಗೆ. ನಮ್ಮಮ್ಮ ಮಕ್ಕಳಿಗೆ ಬೀಜಗಣಿತ ಹೇಳಿಕೊಡ್ತಿದ್ರು. ಅವರು ಬದುಕಿದ್ದಿದ್ರೆ ನಿಮ್ಮ ಗುಲಾಬೀನ ಬೆಂಚಿನ ಮೇಲೆ ನಿಲ್ಲಿಸ್ತಿದ್ರು!"

ಯಾವ ಭಾಷಣಕಾರನೂ ಅಷ್ಟು ಚೆನ್ನಾಗಿ ಮಾತಾಡಿರಲಾರ. ಇಷ್ಟಕ್ಕೇ ನಂಬರಣ್ಣ ಹೊರಟು ಬಂದುಬಿಟ್ಟಿದ್ದರೆ ನಾನು ಈ ಕತೆ ಬರೆಯುತ್ತಲೇ ಇರಲಿಲ್ಲ.

ಸಂಪಾದಕರು ಗಾಬರಿಯಾಗಿದ್ದರು. ಬೆಟ್ಟದವರೆಲ್ಲ ಒಟ್ಟಾಗಿ ಬಂದು ಕಚೇರಿಯ ಮುಂದೆ ಕೂತರೆ ಗತಿಯೇನು? ಅವರು ಕುರ್ಚಿ ಎಳೆದು ಕೂರಿಸಿದರು, ಟವೆಲು ಕೊಟ್ಟರು, ಟೀ ತರಿಸಿದರು. "ತಪ್ಪಾಯ್ತು ಸಾರ್. ಇವತ್ತಿನ ಕಂತಲ್ಲೇ ಸರಿಮಾಡ್ತೀವಿ. ಗುಡುಗ ಬೆಟ್ಟದವನೇ ಅಲ್ಲ ಅಂತ ಬರೆಸ್ತೀನಿ. ಸರಿನಾ?"

ಗೆಲುವು ಇಷ್ಟು ಸುಲಭಕ್ಕೆ ಸಿಕ್ಕೀತೆಂದು ನಂಬರಣ್ಣ ಎಣಿಸಿರಲಿಲ್ಲ. ಎದೆ ಹಗುರಾಯಿತು. ಟೀ ಬಿಸಿಯಾಗಿತ್ತು.

"ಆದ್ರೆ ಸಾರ್" ಎಂದು ಲೇಖಕರು ದೀನರಾಗಿ ಕೇಳಿದರು, "ಮತ್ತೆ ಅವನು ಎಲ್ಲಿಯವನು ಅಂತ ಬರೀಲಿ? ಗುಲಾಬಿ ಆಗಲೇ ಮನಸ್ಸು ಕೊಟ್ಟಾಗಿದೆ. ಗುಡುಗ ಟಾರ್ಚು ನೋಡಿ ಅತ್ತೂ ಆಗಿದೆ. ಅದನ್ನೆಲ್ಲ ವಾಪಸ್ ತಗೊಳ್ಳೋಕಾಗಲ್ಲ."

ಆಗ ನಂಬರಣ್ಣ, ಆ ಜಾಣ, ಆ ಬೆಟ್ಟದ ಮರ್ಯಾದೆಯ ರಕ್ಷಕ, ಟೀ ಕಪ್ಪು ಕೆಳಗಿಟ್ಟು ಹೇಳಿದ:

"ಅಷ್ಟು ಬೇಕು ಅಂದ್ರೆ ಕಡಲ ಕಡೆಯವನು ಅಂತ ಹಾಕ್ಕೊಳ್ಳಿ. ಅವರಾದ್ರೆ ಸ್ವಲ್ಪ ಹಾಗೇನೇ."

ಇಲ್ಲಿ ನನಗೆ ಅವನ ಮೇಲೆಯೇ ಸಿಟ್ಟು ಬರುತ್ತದೆ. ಬೆಳಗಿನಿಂದ ತನ್ನ ಮೈಮೇಲೆ ಎರಚಿದ ಕೆಸರನ್ನು ತೊಳೆದುಕೊಳ್ಳಲು ಬಂದವನು, ಬಕೆಟ್ಟು ಎತ್ತಿ ಪಕ್ಕದವನ ಮೇಲೆ ಸುರಿದ. ಅದೂ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ.

"ಹೇಗೆ ಸಾರ್, ಹಾಗೇನೇ ಅಂದ್ರೆ?" ಲೇಖಕರು ಕುರ್ಚಿ ಹತ್ತಿರ ಎಳೆದುಕೊಂಡರು.

ನಂಬರಣ್ಣನ ಮಾತನ್ನು ಅಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ "ಮೆಲ್ಲಗೆ, ಅಮ್ಮಂಗೆ ಕೇಳತ್ತೆ" ಎನ್ನುವ ಹೆಂಡತಿ. ಇಲ್ಲಿ ಇಬ್ಬರು ಓದಿದವರು ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. "ಅವರಿಗೆ ಮೆಲ್ಲಗೆ ಮಾತಾಡೋದೇ ಗೊತ್ತಿಲ್ಲ ಸಾರ್. ಪಕ್ಕದಲ್ಲಿರೋರು ಬೇರೆ ದೋಣೀಲಿದಾರೆ ಅನ್ನೋ ಹಾಗೆ ಕೂಗ್ತಾರೆ. ಊಟ ಆದ್ಮೇಲೆ ಮಲಗಿದ್ರೆ ಮನೆಗೆ ಬೆಂಕಿ ಬಿದ್ರೂ ಏಳಲ್ಲ. ಕಂಡೋರ ಚಪ್ಪಲಿ ಹಾಕ್ಕೊಂಡು ಹೊರಟುಹೋಗ್ತಾರೆ, ಕೇಳಿದ್ರೆ 'ಹೌದಾ' ಅಂತಾರೆ..." ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಷ್ಟೂ ನಂಬರಣ್ಣನಿಗೆ ಇನ್ನಷ್ಟು ನೆನಪಾಯಿತು.

ಹೊರಡುವಾಗ ಸಂಪಾದಕರು ಅವನನ್ನು ಕಿಟಕಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದರು. "ನಿಮ್ಮ ಅಂಗಡಿ ಹೆಸರೂ ಹಾಕ್ತೀವಿ. ಪುಕ್ಕಟೆ ಜಾಹೀರಾತು."

ನಂಬರಣ್ಣ ಕೂದಲು ಬಾಚಿಕೊಂಡು ನಕ್ಕ.

ಗೆದ್ದ ಖುಷಿಯಲ್ಲಿ ಹೋಟೆಲಿನಲ್ಲಿ ನಿಧಾನಕ್ಕೆ ಊಟ ಮುಗಿಸಿ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅವನಿಗೆ ತಾನು ಏನು ಮಾಡಿದ್ದೇನೆಂದು ಹೊಳೆಯಿತು. ಕಾಲು ನಿಂತಿತು. ತಿರುಗಿ ಓಡಿದ. ಕಚೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಪತ್ರಿಕೆಯ ಕಟ್ಟುಗಳನ್ನು ಹೇರಿಕೊಂಡ ವ್ಯಾನು ಅವನ ಪ್ಯಾಂಟಿಗೆ ಕೆಸರು ಹಾರಿಸಿ ಮುಂದೆ ಹೋಯಿತು.

ಹೊತ್ತು ಮುಳುಗುವವರೆಗೂ ಬೀದಿ ಬೀದಿ ಅಲೆದು ಅವನು ಮನೆಗೆ ಬಂದಾಗ ಕಟ್ಟಡದ ಗೇಟಿನಲ್ಲಿ ಸೆಕ್ರೆಟರಿ ಕಾಯುತ್ತಿದ್ದರು. ತಾರಸಿಯ ಹಸಿ ಸಿಮೆಂಟೆಲ್ಲ ಮಳೆಗೆ ಕರಗಿ, ಕೊಳವೆಯಲ್ಲಿ ಇಳಿದು, ಅವರದೇ ಸ್ಕೂಟರಿನ ಸೀಟಿನ ಮೇಲೆ ಗಟ್ಟಿಯಾಗಿತ್ತು.

"ಮಳೆ ಬರಲ್ಲ ಅಂದ್ರಿ!"

"ಸಾರ್, ನಂಗೆ ಹೇಗೆ ಗೊತ್ತಾಗ್ಬೇಕು?"

"ಗುಡುಗ ಆಗಿದ್ರೆ ಸರಿಯಾಗಿ ಹೇಳ್ತಿದ್ದ" ಎಂದರು ಸೆಕ್ರೆಟರಿ ನೋವಿನಿಂದ. "ನೀವು ಬೆಟ್ಟದವರು ಅಂತ ಹೇಳ್ಕೊಂಡು ತಿರುಗೋದು ನಿಲ್ಲಿಸಿ."

ಮೇಲೆ ಬಂದು ನೋಡಿದರೆ ಬಾಗಿಲಲ್ಲಿ ಯಾರದೋ ದೊಡ್ಡ ಚಪ್ಪಲಿ ಜೋಡಿ. ಡಿಪೋ ಮಾವ ಆಗಲೇ ಬಂದು ಕೂತಿದ್ದರು. ನಂಬರಣ್ಣ ತನ್ನ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಕಾಲಿಟ್ಟ. ಮಾವನ ಅಂಗಿಯ ಜೇಬಿನಲ್ಲಿ ಮಡಿಸಿದ ಸಂಜೆ ಪತ್ರಿಕೆ ಇತ್ತು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಬಾಪ್ಪಾ, ಕೂತ್ಕೋ" ಎಂದರು ಮಾವ. "ಅಕ್ಕಾ, ಇವತ್ತಿನ ಗುಡುಗನ್ನ ಓದ್ತೀನಿ, ಕೇಳು."

"ಮಾವ, ಟೀ ಕುಡಿದು..." ಎಂದ ನಂಬರಣ್ಣ.

"ಆಯ್ತು ಕುಡಿದು."

"ಅತ್ತೆ ಮಲಗೋ ಹೊತ್ತಲ್ವಾ?"

"ಸಂಜೆ ಯಾರು ಮಲಗ್ತಾರೆ ಅಳಿಯಂದ್ರೇ, ಸುಮ್ಮನೆ ಕೂತ್ಕೊಳ್ಳಿ" ಎಂದು ಅತ್ತೆ ಬೀದಿಗೆ ಕೇಳುವಂತೆ ಹೇಳಿದರು.

ಮಾವ ಪತ್ರಿಕೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದರು.

"'ನೀನು ಬೆಟ್ಟದ ಕುಡಿಯಲ್ಲ' ಎಂದಳು ಮುದುಕಿ. 'ಹಸುಗೂಸಾಗಿದ್ದಾಗ ನೀನು ಬುಟ್ಟಿಯಲ್ಲಿ ತೇಲಿ, ಕಡಲಿನಿಂದ ಹೊಳೆಯ ದಾರಿ ಹಿಡಿದು ಬೆಟ್ಟಕ್ಕೆ ಬಂದೆ.'"

ಹೊಳೆ ಎಲ್ಲಿಯಾದರೂ ಬೆಟ್ಟ ಹತ್ತುತ್ತದೆಯೇ ಎಂದು ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಮಾವ ಮುಂದೆ ಓದಿದರು.

"'ಕಡಲ ಮಕ್ಕಳು ಮುಗ್ಧರು. ದೋಣಿಯಿಂದ ದೋಣಿಗೆ ಕೂಗಿ ಬೆಳೆದ ಅವರ ಕೊರಳು ಪಿಸುಮಾತನ್ನು ಅರಿಯದು. ಮಧ್ಯಾಹ್ನ ಅಲೆ ಮಲಗಿದರೆ ಅವರೂ ಮಲಗುವರು. ಮನೆಗೆ ಬೆಂಕಿ ಬಿದ್ದರೂ ಅಲೆ ಎದ್ದ ಮೇಲೆಯೇ ಏಳುವರು. ನನ್ನದು ನಿನ್ನದು ಎಂಬ ಭೇದವಿಲ್ಲದ ಆ ನಿಷ್ಕಪಟ ಜನ ಕಂಡವರ ಚಪ್ಪಲಿಯನ್ನೇ ತಮ್ಮದೆಂದು ಮೆಟ್ಟಿ ನಡೆವರು. ಗುಲಾಬಿ ಮಂಡಿಯೂರಿ ಗುಡುಗನ ಕಾಲಿಗೆ ಚಪ್ಪಲಿ ತೊಡಿಸಿ ಕಲಿಸಿದಳು: ಇದು, ನಿನ್ನದು. ಗುಡುಗನ ಕಣ್ಣು ತುಂಬಿತು.'"

ಕೆಳಗೆ ಚೌಕದಲ್ಲಿ ನಂಬರಣ್ಣನ ನಗುವ ಫೋಟೋ. 'ಕಡಲಿನವರ ಜೀವನದ ಬಗ್ಗೆ ಅಮೂಲ್ಯ ಮಾಹಿತಿ ಒದಗಿಸಿದ ಬೆಟ್ಟದ ಹಿರಿಯರಿಗೆ ನಮ್ಮ ಕೃತಜ್ಞತೆಗಳು' ಎಂದು ಬರೆದು, ಅಂಗಡಿಯ ವಿಳಾಸ ಕೊಟ್ಟಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಅಮ್ಮನನ್ನು ನೋಡಿದಳು, ಮಾವನ ಕಾಲು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ನಂಬರಣ್ಣ ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಲಿ ಎಂದು ಕಾದ. ಎರಡನೇ ಮಹಡಿಯಲ್ಲಿ ಅದಕ್ಕೂ ಅವಕಾಶವಿರಲಿಲ್ಲ.

ಅತ್ತೆಯ ಭುಜ ಅಲುಗಿತು. ಹೊಟ್ಟೆ ಅಲುಗಿತು. 'ಹೋ' ಎಂದು ನಗಲು ಶುರುಮಾಡಿದವರು ಕಣ್ಣೀರು ಒರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಕೆಳಗಿನ ಮನೆಯವರು ಏನಾಯಿತೆಂದು ಕಿಟಕಿ ತೆರೆದರು.

"ಅಯ್ಯೋ ಅಳಿಯಂದ್ರೇ, ಹೇಗೆ ಹಿಡಿದಿದೀರಿ ಅವರನ್ನ! ಕಣ್ಣಿಗೆ ಕಟ್ಟೋ ಹಾಗಿದೆ!"

ನಂಬರಣ್ಣ ಕತ್ತೆತ್ತಿದ. "ಅವರನ್ನ ಅಂದ್ರೆ... ಯಾರನ್ನ ಅತ್ತೆ?"

"ಇನ್ಯಾರು, ನಮ್ಮೂರ ಲೈಟ್‌ಹೌಸ್ ಆಚೆಯವರನ್ನ! ನಾವು ಈಚೆ, ಬಂದರಿನ ಕಡೆಯವರಲ್ವಾ, ನಾವು ಹಾಗಲ್ಲ. ಆಚೆಯವರು ಹೀಗೇನೇ. ಕೂಗಾಟ ಅಂದ್ರೆ ಕೂಗಾಟ! ನಮ್ಮನೇಲಿ ಯಾರಾದ್ರೂ ಕೂಗ್ತಾರಾ?" ಎಂದು ಅತ್ತೆ ಕೂಗಿದರು.

"ಇಲ್ಲ ಅತ್ತೆ" ಎಂದ ನಂಬರಣ್ಣ. ಹೋಗಿದ್ದ ಜೀವ ಕಾಲಿನಿಂದ ಮೇಲಕ್ಕೆ ಏರಿಬಂತು. ಅತ್ತೆ ಅವನನ್ನು ನೋಡಿ ನಕ್ಕದ್ದು ಮದುವೆಯಾದ ಮೇಲೆ ಇದೇ ಮೊದಲು. "ಅವರೇ ಅತ್ತೆ. ಲೈಟ್‌ಹೌಸ್ ಆಚೆಯವರೇ. ಅವರನ್ನೇ ಹೇಳಿದ್ದು ನಾನು."

"ನಂಗೂ ಹಾಗೇ ಅನ್ನಿಸ್ತು" ಎಂದರು ಮಾವ, ಪತ್ರಿಕೆ ಮಡಿಸುತ್ತ. "ಓದಿದ ತಕ್ಷಣ ಅಂದ್ಕೊಂಡೆ, ಇದು ಅವರೇ ಅಂತ. ಬೆಳಗ್ಗೆ ನಿಂಗೆ ಹೇಳಿದ್ದೆ, ದಾರಿ ಮಾಡು ಅಂತ. ಮಾಡಿದೀಯ. ಈಗ ಬೆಟ್ಟದವರನ್ನ ನೋಡಿ ಡಿಪೋದಲ್ಲಿ ಯಾರೂ ನಗಲ್ಲ."

"ಹಾಗಾದ್ರೆ ಮಾವ, ಆ ಕಣ್ಣು ಪರೀಕ್ಷೆ ಕೆಲಸ..."

"ಅದೇ ಹೇಳೋಕೆ ಬಂದೆ." ಮಾವ ಎದ್ದು ನಿಂತರು. "ನಮ್ಮ ಡಿಪೋದಲ್ಲಿ ಸ್ಟೀರಿಂಗ್ ಹಿಡಿಯೋರೆಲ್ಲ ಲೈಟ್‌ಹೌಸ್ ಆಚೆಯವರು ಕಣಪ್ಪಾ."

ನಂಬರಣ್ಣ ಕನ್ನಡಕ ತೆಗೆದು ಒರೆಸತೊಡಗಿದ.

"ಅವರೂ ಓದಿದಾರೆ. ಶೆಡ್ಡಲ್ಲಿ ಇವತ್ತು ಒಬ್ಬನೂ ನಗಲಿಲ್ಲ. ನಿನ್ನ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದಾರೆ. ನಾಳೆ ಬೆಳಗ್ಗೆ ನಿನ್ನಂಗಡಿ ಮುಂದೆ ಬರ್ತಾರಂತೆ, ಬಸ್ಸು ಸಮೇತ. ನೀನು ನಾಳೆ ಶಟರ್ ತೆಗೀಬೇಡ. ನಾಡಿದ್ದೂ ಬೇಡ. ಕೆಲಸ ಆ ದೊಡ್ಡ ಮಳಿಗೆಯವರಿಗೇ ಕೊಟ್ಟುಬಿಟ್ಟೆ. ಅವರು ಎಲ್ಲಿಯವರು ಅಂತ ಯಾರಿಗೂ ಗೊತ್ತಿಲ್ಲ, ಅದೇ ಒಳ್ಳೇದು."

ಮಾವ ಬಾಗಿಲಲ್ಲಿ ಒಂದು ಕ್ಷಣ ಬಗ್ಗಿ, ಕಾಲಿಗೆ ಏನೋ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದರು.

"ಕೆಲಸ ಹೋದ್ರೆ ಹೋಗ್ಲಿ ಅಳಿಯಂದ್ರೇ, ಅದಕ್ಯಾಕೆ ಮುಖ ಸಪ್ಪಗೆ ಮಾಡ್ತೀರಿ?" ಎಂದರು ಅತ್ತೆ, ಹಿಂದೆಂದೂ ಇಲ್ಲದ ವಾತ್ಸಲ್ಯದಿಂದ. "ನಾಳೆ ಬೆಳಗ್ಗೆ ನನ್ನನ್ನೂ ಆ ಬರೆಯೋರ ಹತ್ರ ಕರ್ಕೊಂಡು ಹೋಗಿ. ಆ ಆಚೆಯವರ ವಿಷಯ ನಿಮಗೆ ಏನು ಮಹಾ ಗೊತ್ತು? ನನ್ನ ಕೇಳಿ, ಹೇಳ್ತೀನಿ. ಇನ್ನೂ ಬೇಕಾದಷ್ಟಿದೆ!"

ಬೇಡ ಎನ್ನಲು ನಂಬರಣ್ಣ ಬಾಯಿ ತೆರೆದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

ಮಾವನನ್ನಾದರೂ ಹಿಡಿದು ಇನ್ನೊಂದು ಸಲ ಕೇಳೋಣವೆಂದು ಅವನು ಬಾಗಿಲಿಗೆ ಓಡಿದ. ಹೊಸ್ತಿಲ ಹೊರಗೆ ಆ ದೊಡ್ಡ ಚಪ್ಪಲಿಗಳು ಹಾಗೇ ಬಿದ್ದಿದ್ದವು. ಅವನವು ಇರಲಿಲ್ಲ.